ಟೆಕ್ಕನ್ 3: ಟ್ರೂ ಓಗರ್‌ನನ್ನು ಸೋಲಿಸುವುದು ಹೇಗೆ?

ಟೆಕ್ಕನ್ 3 ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಹಳೆಯ ವಿಡಿಯೋ ಗೇಮ್. ಅದನ್ನು ಆಡುವವರು ಈಗಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಎಲ್ಲರನ್ನೂ ಹೊಡೆದು ಕೊನೆಯವರೆಗೆ ಬರುತ್ತೇವೆ, ಅಲ್ಲಿ ಆ ಕೊಂಬು, ರೆಕ್ಕೆಯ ರಾಕ್ಷಸ ಬೆಂಕಿ ಉಗುಳುತ್ತಾನೆ, ಬ್ಲಾಕ್ ಹಿಡಿದರೂ ಸುಟ್ಟು ಹಾಕುತ್ತಾನೆ, ಅವನನ್ನು ದಾಟೋದು ಹೇಗೆ? ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಟ್ರೂ ಓಗರ್ ಕಷ್ಟದ ಬಾಸ್, ಅಂದರೆ ಕಷ್ಟದ ಕೊನೆಯ ಎದುರಾಳಿ, ಅಂತ ಹೆಸರಾಗಿರುವುದು ಅವನ ರೂಪಕ್ಕೆ. ಪರದೆಯ ತುಂಬ ನಿಂತಿರುತ್ತಾನೆ, ನೋಡಿದ ಕೂಡಲೇ ಗಾಬರಿಯಾಗುತ್ತದೆ, ಗಾಬರಿಯಲ್ಲಿ ಕೈಗೆ ಸಿಕ್ಕ ಬಟನ್ ಎಲ್ಲಾ ಒತ್ತಿಬಿಡುತ್ತೇವೆ. ಅಲ್ಲೇ ಸೋಲುವುದು. ಅವನ ದೊಡ್ಡ ಹೊಡೆತಗಳೆಲ್ಲ ನಿಧಾನ, ಶುರುವಾಗುವ ಮೊದಲೇ ಕಣ್ಣಿಗೆ ಕಾಣುತ್ತವೆ. ಕಾದು, ನೋಡಿ, ಒಂದೇ ಒಂದು ಗಟ್ಟಿ ಏಟು ಕೊಟ್ಟು ಹಿಂದೆ ಸರಿಯುವವರಿಗೆ ಅವನು ಸೋಲುತ್ತಾನೆ.

ಯಾರು ಈ ಓಗರ್?

ನಾಮ್ಕೊ ಕಂಪನಿ ಟೆಕ್ಕನ್ 3ನ್ನು 1997ರಲ್ಲಿ ಆರ್ಕೇಡ್ ಯಂತ್ರಗಳಿಗೆ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳಿಗೆ, ತಂದಿತು. 1998ರಲ್ಲಿ ಅದು ಪ್ಲೇಸ್ಟೇಷನ್‌ಗೆ ಬಂತು. ಕಥೆಯಲ್ಲಿ ಓಗರ್‌ನನ್ನು ಯುದ್ಧದ ದೇವರು ಅಂತ ಕರೆಯುತ್ತಾರೆ. ಮೆಕ್ಸಿಕೋದ ಒಂದು ಹಳೆಯ ದೇವಾಲಯದಲ್ಲಿ ಮಿಶಿಮಾ ಅನ್ನುವ ದೊಡ್ಡ ಕಂಪನಿಯ ಒಡೆಯ ಹೇಹಾಚಿ ಮಿಶಿಮಾನ ಸೈನಿಕರು ಅವನಿಗೆ ಎದುರಾಗಿ ಸಾಯುತ್ತಾರೆ. ಆಮೇಲೆ ಲೋಕದ ದೊಡ್ಡ ದೊಡ್ಡ ಹೋರಾಟಗಾರರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಮೊದಲ ಕಿಂಗ್ ಅವನ ಕೈಯಲ್ಲೇ ಸತ್ತದ್ದು. ಈ ಆಟದಲ್ಲಿ ನಾವು ಆಡುವ ಕಿಂಗ್ ಅದೇ ಜಾಗ್ವಾರ್ (ಚಿರತೆಯಂಥ ಪ್ರಾಣಿ) ಮುಖವಾಡ ಹಾಕಿಕೊಂಡು ಸೇಡಿಗೆ ಬಂದ ಎರಡನೆಯವನು. ಜಪಾನಿನ ಯಾಕುಶಿಮಾ ದ್ವೀಪದಲ್ಲಿ ತಾಯಿ ಜುನ್ ಜೊತೆ ಬೆಳೆದ ಜಿನ್ ಕಜಾಮಾಗೆ 15 ವರ್ಷ ತುಂಬಿದ ಸ್ವಲ್ಪ ಸಮಯಕ್ಕೇ ಓಗರ್ ಅವರ ಮನೆ ಮೇಲೆ ಬೀಳುತ್ತಾನೆ. ಆಮೇಲೆ ಜಿನ್ ತನ್ನ ಅಜ್ಜ ಹೇಹಾಚಿ ಹತ್ತಿರ 4 ವರ್ಷ ತರಬೇತಿ ಪಡೆಯುತ್ತಾನೆ. ಅವನಿಗೆ 19 ಆಗುವಾಗ ಟೂರ್ನಮೆಂಟ್ ನಡೆಯುತ್ತದೆ. ಆ ಟೂರ್ನಮೆಂಟೇ ಓಗರ್‌ನನ್ನು ಹೊರಗೆ ಎಳೆಯಲು ಹೇಹಾಚಿ ಹೂಡಿದ ಬಲೆ.

ಕಥೆಯ ಇನ್ನೊಂದು ತುಣುಕು ನಿಮಗೆ ಆಟದಲ್ಲೂ ಕೆಲಸಕ್ಕೆ ಬರುತ್ತದೆ. ಪಾಲ್ ಫೀನಿಕ್ಸ್ ಓಗರ್‌ನನ್ನು ಸೋಲಿಸುತ್ತಾನೆ, ಗೆದ್ದೆ ಅಂದುಕೊಂಡು ಮನೆಗೆ ಹೋಗಿಬಿಡುತ್ತಾನೆ. ಅವನು ಹೋದ ಮೇಲೆ ಓಗರ್ ನಿಜವಾದ ರೂಪಕ್ಕೆ ಬದಲಾಗುತ್ತಾನೆ. ಅದೇ ಟ್ರೂ ಓಗರ್. ಅವನನ್ನು ಮುಗಿಸುವುದು ಜಿನ್. ಹಾಗಾಗಿ ಆರ್ಕೇಡ್ ಮೋಡ್‌ನಲ್ಲಿ, ಅಂದರೆ ಎದುರಾಳಿಗಳನ್ನು ಒಬ್ಬರ ಹಿಂದೆ ಒಬ್ಬರನ್ನು ಸೋಲಿಸುತ್ತಾ ಹೋಗುವ ಆಟದಲ್ಲಿ, ಕೊನೆಗೆ ನೀವು ಎರಡು ಸಲ ಗೆಲ್ಲಬೇಕು: ಮೊದಲು ಮನುಷ್ಯನ ಗಾತ್ರದ ಹಸಿರು ಓಗರ್, ಆಮೇಲೆ ರಾಕ್ಷಸ.

ಏನೇನು ಬೇಕು

ಮೊದಲನೆಯದು ಸರಿಯಾದ ಕಂಟ್ರೋಲರ್. ನಮ್ಮಲ್ಲಿ ತುಂಬ ಜನ ಈ ಆಟವನ್ನು ಕಂಪ್ಯೂಟರ್‌ನಲ್ಲಿ, ಕೀಬೋರ್ಡ್ ಮೇಲೆ ಕಲಿತವರು. ಕೀಬೋರ್ಡ್‌ನಲ್ಲೂ ಗೆಲ್ಲಬಹುದು. ಆದರೆ ಎಷ್ಟೋ ಅಗ್ಗದ ಕೀಬೋರ್ಡ್‌ಗಳು ಮೂರು ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿದರೆ ಒಂದನ್ನು ನುಂಗಿಬಿಡುತ್ತವೆ, ಆಗ ನೀವು ಸರಿಯಾಗೇ ಒತ್ತಿದರೂ ಹೊಡೆತ ಬರುವುದಿಲ್ಲ. ಬಾಣದ ಎರಡು ಕೀ ಮತ್ತು ಒಂದು ಗುದ್ದಿನ ಕೀ ಒಟ್ಟಿಗೆ ಒತ್ತಿ ಪರೀಕ್ಷಿಸಿ. ಕೆಲಸ ಮಾಡದಿದ್ದರೆ ಕೀಗಳನ್ನು ಬೇರೆ ಅಕ್ಷರಗಳಿಗೆ ಬದಲಾಯಿಸಿಕೊಳ್ಳಿ.

ಎರಡನೆಯದು, ನೀವು ಆಡುತ್ತಿರುವುದು ಯಾವ ಆವೃತ್ತಿ ಅನ್ನುವುದು ಗೊತ್ತಿರಬೇಕು. 2018ರಲ್ಲಿ ಸೋನಿ ತಂದ ಪುಟ್ಟ ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲಿ ಇರುವುದು ಯುರೋಪಿನ 50 ಹರ್ಟ್ಸ್ ಆವೃತ್ತಿ, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ 50 ಸಲ ಬದಲಾಗುವಂಥದ್ದು. ಅಮೆರಿಕ, ಜಪಾನ್ ಆವೃತ್ತಿಗಳು 60 ಹರ್ಟ್ಸ್. ಒಂದರಲ್ಲಿ ಬೆರಳಿಗೆ ಕೂತ ಟೈಮಿಂಗ್ ಇನ್ನೊಂದರಲ್ಲಿ ಸ್ವಲ್ಪ ಜಾರುತ್ತದೆ. ಅಭ್ಯಾಸಕ್ಕೆ ಒಂದೇ ಆವೃತ್ತಿ ಇಟ್ಟುಕೊಳ್ಳಿ.

ಈ ಲೇಖನದಲ್ಲಿ ಬರುವ ಪದಗಳು

ಸ್ಕ್ವೇರ್ ಎಡಗೈ, ಟ್ರಯಾಂಗಲ್ ಬಲಗೈ, ಕ್ರಾಸ್ ಎಡಗಾಲು, ಸರ್ಕಲ್ ಬಲಗಾಲು. ನಾಲ್ಕು ಬಟನ್, ನಾಲ್ಕು ಅವಯವ, ಅಷ್ಟೇ. ‘ಮುಂದೆ’ ಅಂದರೆ ಎದುರಾಳಿ ಇರುವ ಕಡೆ, ‘ಹಿಂದೆ’ ಅಂದರೆ ಅವನಿಂದ ದೂರ.

ಹೊಡೆತಗಳಲ್ಲಿ ಮೂರು ಬಗೆ. ಹೈ ಅಂದರೆ ತಲೆಯ ಮಟ್ಟಕ್ಕೆ ಬರುವುದು, ಕೂತರೆ ಮೇಲೆ ಹಾದುಹೋಗುತ್ತದೆ. ಮಿಡ್ ಅಂದರೆ ಹೊಟ್ಟೆಯ ಮಟ್ಟ, ಕೂತವರಿಗೂ ಬೀಳುತ್ತದೆ, ನಿಂತು ತಡೆಯಬೇಕು. ಲೋ ಅಂದರೆ ಕಾಲಿಗೆ, ಕೂತು ತಡೆಯಬೇಕು. ಬ್ಲಾಕ್ ಅಂದರೆ ಹಿಂದಿನ ಬಾಣ ಹಿಡಿಯುವುದು, ಕೂತು ಬ್ಲಾಕ್ ಅಂದರೆ ಕೆಳಗೆ ಮತ್ತು ಹಿಂದೆ ಒಟ್ಟಿಗೆ. ಅನ್‌ಬ್ಲಾಕಬಲ್ ಅಂದರೆ ಹೇಗೆ ಬ್ಲಾಕ್ ಹಿಡಿದರೂ ಬೀಳುವ ಹೊಡೆತ. ಸೈಡ್‌ಸ್ಟೆಪ್ ಅಂದರೆ ಮೇಲಿನ ಅಥವಾ ಕೆಳಗಿನ ಬಾಣವನ್ನು ಸುಮ್ನೆ ಒಮ್ಮೆ ತಟ್ಟಿ ಬಿಟ್ಟು ಪಕ್ಕಕ್ಕೆ ಸರಿಯುವುದು. ಒತ್ತಿ ಹಿಡಿದರೆ ಹಾರುತ್ತೀರಿ ಅಥವಾ ಕೂರುತ್ತೀರಿ, ಆದ್ದರಿಂದ ತಟ್ಟಿ ಬಿಡುವುದೇ ಮುಖ್ಯ.

1. ಆಪ್ಷನ್ಸ್ ಸರಿ ಮಾಡಿಕೊಳ್ಳಿ

ಮೊದಲ ಸಲ ಗೆಲ್ಲುವವರೆಗೆ ಡಿಫಿಕಲ್ಟಿಯನ್ನು ಈಸಿಗೆ ಇಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಓಗರ್‌ನ ಚಲನೆ ಎಲ್ಲಾ ಲೆವೆಲ್‌ಗಳಲ್ಲೂ ಒಂದೇ, ಕಷ್ಟದ ಲೆವೆಲ್‌ನಲ್ಲಿ ಅವನು ನಿಮ್ಮ ಹೊಡೆತಗಳನ್ನು ಜಾಸ್ತಿ ತಡೆಯುತ್ತಾನೆ. ಈಸಿಯಲ್ಲಿ ಕಣ್ಣು ಪಳಗಿದರೆ ಆಮೇಲೆ ಏರಿಸುವುದು ಸುಲಭ. ರೌಂಡ್ ಸಮಯವನ್ನು ಹೆಚ್ಚಿಸಿಕೊಳ್ಳಿ. ಸಮಯ ಕಡಿಮೆ ಇದ್ದರೆ ಅವಸರ ಹುಟ್ಟುತ್ತದೆ, ಈ ಬಾಸ್ ಎದುರು ಅವಸರವೇ ಶತ್ರು.

2. ಪಾತ್ರ ಆರಿಸಿಕೊಳ್ಳಿ

ಶುರುವಿನಲ್ಲಿ ಸಿಗುವವರು ಹತ್ತು ಜನ: ಜಿನ್, ಶಿಯಾವ್‌ಯು, ಹ್ವಾರಾಂಗ್, ಎಡ್ಡಿ, ಲಾ, ಲೇ, ಕಿಂಗ್, ನೀನಾ, ಯೋಶಿಮಿತ್ಸು, ಪಾಲ್.

ಬಹಳ ಜನ ಎಡ್ಡಿಯನ್ನು ಆರಿಸುತ್ತಾರೆ, ಯಾಕೆಂದರೆ ಕಾಲಿನ ಎರಡು ಬಟನ್ ಸುಮ್ನೆ ಬಡಿಯುತ್ತಿದ್ದರೂ ಅವನ ಕಪೊಯೆರಾ (ಬ್ರೆಜಿಲ್‌ನ ಹೋರಾಟದ ಕಲೆ) ತಾನಾಗಿ ಹರಿಯುತ್ತದೆ. ಈಸಿಯಲ್ಲಿ ಅದು ನಡೆಯುತ್ತದೆ. ಆದರೆ ಅದರಿಂದ ಓಗರ್ ಬಗ್ಗೆ ಏನೂ ಕಲಿಯುವುದಿಲ್ಲ, ಲೆವೆಲ್ ಏರಿಸಿದ ದಿನ ಮತ್ತೆ ಮೊದಲಿನಿಂದ ಶುರು.

ನನ್ನ ಸಲಹೆ ಪಾಲ್. ಕಾರಣ ಒಂದೇ ಹೊಡೆತ: ಕೆಳಗೆ, ಕೆಳಗೆ-ಮುಂದೆ, ಮುಂದೆ ಅಂತ ಹೆಬ್ಬೆರಳನ್ನು ಜಾರಿಸಿ ಟ್ರಯಾಂಗಲ್. ಡೆತ್‌ಫಿಸ್ಟ್ ಅಂತ ಕರೆಯುತ್ತಾರೆ. ಒಂದೇ ಗುದ್ದಿಗೆ ಎದುರಾಳಿಯ ಲೈಫ್ ಬಾರ್‌ನಲ್ಲಿ, ಅಂದರೆ ಉಳಿದ ಶಕ್ತಿ ತೋರಿಸುವ ಪಟ್ಟಿಯಲ್ಲಿ, ದೊಡ್ಡ ತುಂಡು ಹೋಗುತ್ತದೆ, ಎದುರಾಳಿ ದೂರ ಹಾರಿ ಬೀಳುತ್ತಾನೆ. ಕಾದು ಒಂದೇ ಏಟು ಕೊಡುವ ನಮ್ಮ ಯೋಜನೆಗೆ ಇದಕ್ಕಿಂತ ಒಳ್ಳೆಯ ಹೊಡೆತ ಬೇಕಿಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಬೆರಳು ‘ಮುಂದೆ’ಗೆ ತಲುಪುವ ಮೊದಲೇ ಟ್ರಯಾಂಗಲ್ ಒತ್ತಿಬಿಟ್ಟರೆ ಡೆತ್‌ಫಿಸ್ಟ್ ಬದಲು ಗದ್ದಕ್ಕೆ ಹೊಡೆಯುವ ಅಪ್ಪರ್‌ಕಟ್ ಬರುತ್ತದೆ. ಅದು ಹತ್ತಿರ ಇದ್ದಾಗ ಒಳ್ಳೆಯದೇ, ಆದರೆ ದೂರದಿಂದ ಹಾಗಾದರೆ ಗಾಳಿಗೆ ಗುದ್ದಿ ನೀವೇ ತೆರೆದುಕೊಂಡು ನಿಲ್ಲುತ್ತೀರಿ. ಪ್ರಾಕ್ಟೀಸ್ ಮೋಡ್‌ನಲ್ಲಿ ಎರಡೂ ಕಡೆಯಿಂದ, ಅಂದರೆ ಎಡಕ್ಕೆ ಮುಖ ಮಾಡಿ, ಬಲಕ್ಕೆ ಮುಖ ಮಾಡಿ, ತಪ್ಪದೆ ಬರುವ ತನಕ ಹೊಡೆಯಿರಿ.

ಕೈ ಪಳಗಿದವರಿಗೆ ಜಿನ್ ಚೆನ್ನ. ಮುಂದೆ ತಟ್ಟಿ ಬಿಟ್ಟು, ಕೆಳಗೆ, ಕೆಳಗೆ-ಮುಂದೆ ಜೊತೆಗೆ ಟ್ರಯಾಂಗಲ್ ಅಂದರೆ ವಿಂಡ್ ಗಾಡ್ ಫಿಸ್ಟ್. ಆದರೆ ಅದು ಹೈ ಹೊಡೆತ, ಎದುರಾಳಿ ಕೂತರೆ ಮೇಲೆ ಹೋಗುತ್ತದೆ. ಕಿಂಗ್‌ನ ಹಿಡಿತಗಳು ಚಂದ, ಕಲಿಯಲು ಸಮಯ ಬೇಕು.

3. ಸೈಡ್‌ಸ್ಟೆಪ್ ಕಲಿಯಿರಿ, ಉಳಿದದ್ದು ಆಮೇಲೆ

ಇಡೀ ಲೇಖನದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಹಿಂದಿನ ಎರಡು ಟೆಕ್ಕನ್‌ಗಳಿಗೆ ಹೋಲಿಸಿದರೆ ಮೂರನೆಯದರಲ್ಲಿ ಪಕ್ಕಕ್ಕೆ ಸರಿಯುವುದು ಎಲ್ಲರಿಗೂ ಸಿಗುವ, ನಿಜವಾಗಿ ಉಪಯೋಗಕ್ಕೆ ಬರುವ ಚಲನೆಯಾಯಿತು. ಟ್ರೂ ಓಗರ್‌ನ ಬೆಂಕಿಗೆ ಇದೇ ಮದ್ದು. ಹಿಂದೆ ಹಿಂದೆ ಅಂತ ಓಡುವವರನ್ನು ಬೆಂಕಿ ಹಿಂಬಾಲಿಸಿ ಸುಡುತ್ತದೆ, ಪಕ್ಕಕ್ಕೆ ಸರಿದವರ ಪಕ್ಕದಲ್ಲೇ ಹಾದುಹೋಗುತ್ತದೆ.

ಅಭ್ಯಾಸಕ್ಕೆ ಪ್ರಾಕ್ಟೀಸ್ ಮೋಡ್‌ಗೆ ಹೋಗಿ ಈ ಕ್ರಮದಲ್ಲಿ ಮಾಡಿ: ಒಂದು ತಟ್ಟು, ಪಕ್ಕಕ್ಕೆ ಸರಿ, ಕೂಡಲೇ ಡೆತ್‌ಫಿಸ್ಟ್. ಮತ್ತೆ ತಟ್ಟು, ಸರಿ, ಗುದ್ದು. ಸೈಡ್‌ಸ್ಟೆಪ್ ಮತ್ತು ಗುದ್ದು ಒಂದೇ ಉಸಿರಿನಲ್ಲಿ ಬರಬೇಕು. ಓಗರ್‌ನನ್ನೇ ಎದುರಿಗೆ ನಿಲ್ಲಿಸಿಕೊಂಡು ಅಭ್ಯಾಸ ಮಾಡೋಣ ಅಂದರೆ ಆಗುವುದಿಲ್ಲ, ಅವನು ಅನ್‌ಲಾಕ್ ಆಗುವ ತನಕ ಪಟ್ಟಿಯಲ್ಲಿ ಇರುವುದೇ ಇಲ್ಲ. ಅನ್‌ಲಾಕ್ ಅಂದರೆ ಆಟ ಮುಗಿಸಿ ಹೊಸ ಪಾತ್ರ ತೆರೆಯುವುದು. ಕುಮಾ ಕರಡಿ ತೆರೆದಿದ್ದರೆ ಅದನ್ನು ಇಟ್ಟುಕೊಳ್ಳಿ, ದೊಡ್ಡ ಮೈಯಿಂದ ಎಷ್ಟು ದೂರ ನಿಲ್ಲಬೇಕು ಅನ್ನುವ ಅಂದಾಜು ಸಿಗುತ್ತದೆ.

4. ಮೊದಲ ಓಗರ್

ಇವನನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರೂಪ ಚಿಕ್ಕದು, ವೇಗ ಜಾಸ್ತಿ. ತಾನು ಸೋಲಿಸಿದ ಹೋರಾಟಗಾರರ ವಿದ್ಯೆಯನ್ನೆಲ್ಲ ನುಂಗಿದವನು ಇವನು, ಹಾಗಾಗಿ ಬೇರೆ ಪಾತ್ರಗಳಲ್ಲಿ ನೋಡಿದ ಹೊಡೆತಗಳು ಇವನ ಕೈಯಿಂದ ಬರುತ್ತವೆ. ಈ ಆಟವನ್ನು ಸ್ವಲ್ಪ ಆಡಿದವರಿಗೆ ಅದು ಅನುಕೂಲವೇ, ಗುರುತು ಸಿಗುತ್ತದೆ.

ನಿಂತು ಬ್ಲಾಕ್ ಹಿಡಿಯಿರಿ. ಅವನ ಸರಣಿ ಮುಗಿಯುವ ತನಕ ಕೈ ಎತ್ತಬೇಡಿ. ಸರಣಿ ಅಂದರೆ ಒಂದರ ಹಿಂದೆ ಒಂದು ಪೋಣಿಸಿದ ಹೊಡೆತಗಳು, ನಡುವೆ ಸಣ್ಣ ಬಿಡುವು ಕಂಡ ಹಾಗೆ ಅನ್ನಿಸುತ್ತದೆ, ಅಲ್ಲಿ ನುಗ್ಗಿದರೆ ಮುಂದಿನ ಹೊಡೆತ ನಿಮಗೇ. ಕೊನೆಯ ಏಟು ಮುಗಿದು ಅವನು ಮತ್ತೆ ನೆಟ್ಟಗೆ ನಿಲ್ಲುವ ಮೊದಲು ನಿಮ್ಮದು. ಹತ್ತಿರ ಇದ್ದರೆ ಕೆಳಗೆ ಒತ್ತಿ ಸ್ಕ್ವೇರ್, ಕೂತು ಕೊಡುವ ಚಿಕ್ಕ ಗುದ್ದು. ಅವನಿಗೆ ಆಗುವ ಪೆಟ್ಟು ಕಡಿಮೆಯಾದರೂ ವೇಗ ಇದೆ, ಅವನ ಲಯ ತಪ್ಪಿಸುತ್ತದೆ.

ಅವನು ಹಿಡಿಯಲು ಬಂದರೆ ಕೂರಿ, ನಿಂತವರನ್ನು ಹಿಡಿಯುವ ಹೆಚ್ಚಿನ ಹಿಡಿತಗಳು ಕೂತವರ ತಲೆ ಮೇಲೆ ಹೋಗುತ್ತವೆ. ಕೂರಲು ಸಮಯ ಸಿಗದಿದ್ದರೆ ಹಿಡಿದ ಕ್ಷಣದಲ್ಲೇ ಸ್ಕ್ವೇರ್ ಅಥವಾ ಟ್ರಯಾಂಗಲ್ ಒತ್ತಿ, ಸರಿಯಾದ ಕೈ ಸಿಕ್ಕರೆ ಬಿಡಿಸಿಕೊಳ್ಳುತ್ತೀರಿ.

ಗೆದ್ದಿರಾ? ಕಂಟ್ರೋಲರ್ ಕೆಳಗಿಡಬೇಡಿ. ಪಾಲ್ ಮಾಡಿದ್ದು ಅದೇ ಅಲ್ವಾ.

5. ಟ್ರೂ ಓಗರ್: ಮೊದಲ ರೌಂಡ್ ನೋಡುವುದಕ್ಕೆ

ಈ ಮಾತು ವಿಚಿತ್ರ ಅನ್ನಿಸಬಹುದು, ಆದರೂ ಮಾಡಿ ನೋಡಿ. ಮೊದಲ ಸಲ ಎದುರಾದಾಗ ಒಂದು ರೌಂಡ್ ಪೂರ್ತಿ ಹೊಡೆಯುವುದನ್ನು ಬಿಟ್ಟು ಬರೀ ತಪ್ಪಿಸಿಕೊಳ್ಳಿ. ಸೋತರೂ ನಷ್ಟವಿಲ್ಲ, ಕಂಟಿನ್ಯೂ ಒತ್ತಿದರೆ ಮತ್ತೆ ಇವನ ಎದುರೇ ಬರುತ್ತೀರಿ, ಹಿಂದಿನ ಎಲ್ಲರನ್ನೂ ಮತ್ತೆ ಹೊಡೆಯಬೇಕಿಲ್ಲ. ನೋಡಬೇಕಾದ್ದು ಮೂರು: ಬೆಂಕಿ ಉಗುಳುವ ಮೊದಲು ಅವನ ತಲೆ ಮತ್ತು ಎದೆ ಹೇಗೆ ಚಲಿಸುತ್ತವೆ, ರೆಕ್ಕೆ ಬಡಿದು ಮೇಲೇಳುವುದು ಯಾವಾಗ, ಕೈ ಬೀಸಿದಾಗ ಎಷ್ಟು ದೂರ ಮುಟ್ಟುತ್ತದೆ. ಹಾವಿನಂಥ ಆ ಕೈ ನೀವು ಅಂದುಕೊಂಡದ್ದಕ್ಕಿಂತ ಮುಂದಕ್ಕೆ ಬರುತ್ತದೆ. ಈ ಮೂರರ ಚಿತ್ರ ತಲೆಯಲ್ಲಿ ಕೂತರೆ ಅರ್ಧ ಗೆದ್ದಂತೆ.

6. ಬೆಂಕಿ

ಬೆಂಕಿ ಅನ್‌ಬ್ಲಾಕಬಲ್. ಅದಕ್ಕೇ ‘ಬ್ಲಾಕ್ ಹಿಡಿದಿದ್ದೆ, ಆದರೂ ಸತ್ತೆ’ ಅನ್ನುವ ದೂರು ಅಷ್ಟೊಂದು. ಆದರೆ ಉಗುಳುವ ಮೊದಲು ಅವನು ಉಸಿರು ಎಳೆದುಕೊಳ್ಳುವ ಕ್ಷಣ ಒಂದಿದೆ, ಆ ಹೊತ್ತಿಗೆ ಬೇರೆ ಏನೂ ಮಾಡಲಾರ. ನಿಮ್ಮ ಮುಂದೆ ಎರಡು ದಾರಿ.

ನೀವು ಹತ್ತಿರ ಇದ್ದರೆ, ಹೊಡೆಯಿರಿ. ಬೆಂಕಿ ಹೊರಡುವ ಮೊದಲು ಏಟು ಬಿದ್ದರೆ ಅದು ನಿಂತುಹೋಗುತ್ತದೆ. ಇಲ್ಲಿ ಡೆತ್‌ಫಿಸ್ಟ್ ಸರಿಯಾಗಿ ಬಂದರೆ ಆ ರೌಂಡಿನ ದಿಕ್ಕೇ ಬದಲಾಗುತ್ತದೆ.

ನೀವು ದೂರ ಇದ್ದರೆ, ಸರಿಯಿರಿ. ಒಂದು ಸೈಡ್‌ಸ್ಟೆಪ್, ಬೇಕಾದರೆ ಇನ್ನೊಂದು, ಆಮೇಲೆ ಮುಂದೆ ಮುಂದೆ ತಟ್ಟಿ ಅವನ ಪಕ್ಕಕ್ಕೆ ಸೇರಿಕೊಂಡು ಹೊಡೆಯಿರಿ. ಅವನಿನ್ನೂ ಉಗುಳುತ್ತಲೇ ಇರುತ್ತಾನೆ.

ಮಧ್ಯದ ದೂರದಲ್ಲಿ ಇದ್ದು ಹೊಡೆಯಲೋ ಸರಿಯಲೋ ಅಂತ ಯೋಚಿಸುತ್ತಾ ನಿಂತವರು ಸುಡುತ್ತಾರೆ. ಅನುಮಾನ ಬಂದರೆ ಸರಿಯುವುದೇ ಮೇಲು. ಕೂತರೆ ತಪ್ಪುತ್ತದೆ ಅಂತ ನಂಬಿ ಕೂರಬೇಡಿ. ನೇರ ಮೇಲಕ್ಕೆ ಹಾರಲೂ ಬೇಡಿ, ಇಳಿಯುವ ಹೊತ್ತಿಗೆ ಬೆಂಕಿ ಇನ್ನೂ ಅಲ್ಲೇ ಇರುತ್ತದೆ.

ಗಾಳಿಯಲ್ಲಿ ಇದ್ದಾಗಲೂ ಅವನು ಉಗುಳಬಲ್ಲ. ರೆಕ್ಕೆ ಬಡಿದು ಮೇಲೆ ಹೋದ ಕೂಡಲೇ ಅವನ ಕೆಳಗೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ದೂರ ಹೋಗಿ. ಇಳಿದು ಕಾಲು ನೆಲಕ್ಕೆ ತಾಗುವಾಗ ಹೊಡೆಯಲು ಒಳ್ಳೆಯ ಅವಕಾಶ.

7. ಬಿದ್ದಾಗ ಏನು ಮಾಡಬೇಕು

ಲೈಫ್ ಬಾರ್ ಖಾಲಿಯಾಗುವುದು ಹೆಚ್ಚಾಗಿ ಒಂದು ಹೊಡೆತದಿಂದಲ್ಲ, ಬಿದ್ದು ಏಳುವಾಗ ತಿನ್ನುವ ಎರಡು ಮೂರು ಹೊಡೆತಗಳಿಂದ. ಬಿದ್ದ ಕೂಡಲೇ ಎಲ್ಲಾ ಬಟನ್ ಬಡಿದರೆ ನಿಮ್ಮ ಆಟಗಾರ ಅವನ ಮುಂದೆಯೇ ನೆಟ್ಟಗೆ ಎದ್ದು ನಿಲ್ಲುತ್ತಾನೆ. ಬೆನ್ನು ನೆಲಕ್ಕೆ ತಾಗುವ ಕ್ಷಣದಲ್ಲಿ ಒಂದು ಗುದ್ದಿನ ಬಟನ್ ಒತ್ತಿದರೆ ಉರುಳಿ ತಕ್ಷಣ ಎದ್ದುಬಿಡುತ್ತೀರಿ. ಈ ಸೌಲಭ್ಯ ಟೆಕ್ಕನ್ 3ರಲ್ಲೇ ಬಂದದ್ದು. ಆ ಕ್ಷಣ ತಪ್ಪಿಹೋಯಿತಾ, ಮಲಗಿದಲ್ಲಿಂದ ಸ್ಕ್ವೇರ್ ಒತ್ತಿ ಪಕ್ಕಕ್ಕೆ ಉರುಳಿ. ಅವನು ತೀರಾ ಹತ್ತಿರ ಬಂದು ನಿಂತಿದ್ದರೆ ಕ್ರಾಸ್ ಅಥವಾ ಸರ್ಕಲ್ ಒತ್ತಿ ಏಳುತ್ತಾ ಒದೆಯಬಹುದು, ಕ್ರಾಸ್ ಕಾಲಿಗೆ, ಸರ್ಕಲ್ ಹೊಟ್ಟೆಗೆ. ಪ್ರತಿಸಲ ಒಂದನ್ನೇ ಮಾಡಬೇಡಿ.

8. ಹೊಡೆತದ ಲೆಕ್ಕ

ಅವನ ಮೈ ದೊಡ್ಡದು, ಗುರಿ ತಪ್ಪುವುದು ಕಷ್ಟ. ಅದನ್ನು ನೋಡಿ ಆಸೆ ಹುಟ್ಟುತ್ತದೆ. ಒಂದು ಬಿತ್ತು, ಇನ್ನೊಂದು ಹಾಕೋಣ, ಮತ್ತೊಂದು. ಬೇಡ. ಒಂದು ದೊಡ್ಡ ಏಟು, ಅಥವಾ ಎರಡು ಚಿಕ್ಕ ಏಟು, ಆಮೇಲೆ ಹಿಂದೆ ಹಿಂದೆ ತಟ್ಟಿ ದೂರ ಸರಿದು ಮತ್ತೆ ಬ್ಲಾಕ್. ಬೇಸರದ ಆಟ ಅನ್ನಿಸಿದರೂ ಇದೇ ಗೆಲ್ಲಿಸುವುದು.

ಹತ್ತು ಹೊಡೆತಗಳ ಉದ್ದ ಕಾಂಬೊ ಕಂಠಪಾಠ ಮಾಡಿಕೊಂಡು ಬರುವವರಿದ್ದಾರೆ. ಕಾಂಬೊ ಅಂದರೆ ಒಂದು ತಾಗಿದರೆ ಮುಂದಿನದೂ ತಾಗುವಂಥ ಜೋಡಣೆ. ಆದರೆ ಈ ಹತ್ತರ ಸರಣಿಯಲ್ಲಿ ಎಲ್ಲವೂ ಹಾಗೆ ತಾಗುವುದಿಲ್ಲ, ನಡುವೆ ಒಂದನ್ನು ತಡೆದರೆ ಉಳಿದದ್ದೆಲ್ಲ ವ್ಯರ್ಥ, ನೀವು ಮಾತ್ರ ನಿಲ್ಲಿಸಲಾಗದೆ ಸಿಕ್ಕಿಬಿದ್ದಿರುತ್ತೀರಿ. ಗೆಳೆಯರ ಮುಂದೆ ತೋರಿಸಲು ಅದು ಚಂದ, ಇವನ ಮುಂದೆ ಬೇಡ. ನಿಧಾನವಾದ ಅನ್‌ಬ್ಲಾಕಬಲ್ ಹೊಡೆತಗಳನ್ನೂ ಬಿಟ್ಟುಬಿಡಿ, ನೀವು ಕೈ ಎತ್ತಿ ತಯಾರಾಗುವಷ್ಟರಲ್ಲಿ ಅವನ ಏಟು ಬಿದ್ದಿರುತ್ತದೆ.

ಅವನು ದೂರ ನಿಂತು ಏನೂ ಮಾಡದೆ ಇದ್ದರೆ? ನೀವೂ ಏನೂ ಮಾಡಬೇಡಿ. ಮೊದಲು ಅವನೇ ಬರಲಿ.

9. ಗಡಿಯಾರವನ್ನೂ ಬಳಸಿ

ಸಮಯ ಮುಗಿದಾಗ ಯಾರ ಲೈಫ್ ಬಾರ್ ಜಾಸ್ತಿ ಇದೆಯೋ ಅವರಿಗೆ ರೌಂಡ್. ಇದನ್ನು ಎಷ್ಟೋ ಜನ ಮರೆಯುತ್ತಾರೆ. ನೀವು ಮುಂದಿದ್ದು, ಕೆಲವೇ ಸೆಕೆಂಡ್ ಉಳಿದಿದ್ದರೆ ಇನ್ನೊಂದು ಏಟಿಗಾಗಿ ನುಗ್ಗಬೇಕಿಲ್ಲ. ದೂರ ಸರಿಯುತ್ತಾ, ಬೆಂಕಿಗೆ ಮಾತ್ರ ಕಣ್ಣಿಟ್ಟು ಸೈಡ್‌ಸ್ಟೆಪ್ ಮಾಡುತ್ತಾ ಸಮಯ ಕಳೆಯಿರಿ. ಇದು ಮೋಸವಲ್ಲ, ಆಟದ ನಿಯಮವೇ ಹಾಗಿದೆ. ಕಷ್ಟದ ಲೆವೆಲ್‌ಗೆ ಏರಿಸಿದಾಗ ರೌಂಡ್ ಸಮಯವನ್ನು ಮತ್ತೆ ಕಡಿಮೆಗೆ ತಂದುಕೊಂಡರೆ ಈ ದಾರಿ ಇನ್ನೂ ಉಪಯೋಗಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಕಣ್ಣು ಪಳಗಿರುತ್ತದೆ, ಅವಸರ ಕಾಡುವುದಿಲ್ಲ.

10. ಗೆದ್ದ ಮೇಲೆ

ಪಾತ್ರದ ಕೊನೆಯ ವಿಡಿಯೋ ಬರುತ್ತದೆ, ಪೂರ್ತಿ ನೋಡಿ. ಜಿನ್ ಕಥೆ ಗೊತ್ತಿದ್ದವರಿಗೆ ಹೇಹಾಚಿ ತನ್ನ ಮೊಮ್ಮಗನಿಗೆ ಗುಂಡು ಹಾರಿಸುವ ದೃಶ್ಯ ಈಗಲೂ ಮೈ ಜುಮ್ಮೆನ್ನಿಸುತ್ತದೆ. ಓಗರ್‌ಗಿಂತ ಆ ಮನುಷ್ಯನೇ ದೊಡ್ಡ ರಾಕ್ಷಸ ಅಂತ ನನಗೆ ಅನ್ನಿಸುವುದು ಅದಕ್ಕೇ.

ಆಮೇಲೆ ಮೆಮೊರಿ ಕಾರ್ಡ್‌ಗೆ ಸೇವ್ ಆಗಿದೆಯಾ ನೋಡಿಕೊಳ್ಳಿ. ಸೇವ್ ಆಗದೆ ಆಫ್ ಮಾಡಿದರೆ ತೆರೆದ ಪಾತ್ರ ಹೋಗುತ್ತದೆ. ಮುಂದಿನ ಸಲ ಬೇರೆ ಪಾತ್ರ ತೆಗೆದುಕೊಂಡು ಆಡಿ. ಒಂದೊಂದು ಹೊಸ ಪಾತ್ರದಿಂದ ಆಟ ಮುಗಿಸಿದಾಗಲೇ ಇನ್ನೊಂದು ತೆರೆಯುವುದು, ಪಾಲ್ ಒಬ್ಬನನ್ನೇ ಹಿಡಿದು ಎಷ್ಟು ಸಲ ಗೆದ್ದರೂ ಪಟ್ಟಿ ಬೆಳೆಯುವುದಿಲ್ಲ. ಕುಮಾ, ಜೂಲಿಯಾ, ಗನ್ ಜ್ಯಾಕ್, ಮೊಕುಜಿನ್, ಆನಾ, ಬ್ರಯನ್, ಹೇಹಾಚಿ ಆದ ಮೇಲೆ ಓಗರ್, ಟ್ರೂ ಓಗರ್ ಸರದಿ. ಅವನು ತೆರೆದ ದಿನ ವರ್ಸಸ್ ಮೋಡ್‌ಗೆ (ಇಬ್ಬರು ಗೆಳೆಯರು ಎದುರುಬದುರು ಆಡುವಲ್ಲಿ) ಹೋಗಿ ಒಬ್ಬ ಗೆಳೆಯನ ಕೈಗೆ ಟ್ರೂ ಓಗರ್ ಕೊಡಿ. ಕಂಪ್ಯೂಟರ್‌ಗಿಂತ ಮನುಷ್ಯನ ಕೈಯಲ್ಲಿ ಆ ಬೆಂಕಿ ಹೇಗಿರುತ್ತದೆ ಅಂತ ನೋಡಿ, ಆಮೇಲೆ ಡಿಫಿಕಲ್ಟಿ ಒಂದು ಮೆಟ್ಟಿಲು ಏರಿಸಿ.